ಹೋಬಳಿಗೊಂದು ಚಿಕ್ಕ ಅಗ್ನಿಶಾಮಕ ವಾಹನ ಕೇಳೋಣ

ಕಲಬುರಗಿ ಜಿಲ್ಲೆಯ ಗುಂಡಗುರ್ತಿಯಲ್ಲಿ ಒಕ್ಕಲುತನ ಮಾಡುವವನು ನಾನು. ಬೇಸಿಗೆ ಬಂತೆಂದರೆ ಬಣವಿಯದೇ ಚಿಂತೆ. ಜೋಳದ ಕಣಕಿ, ತೊಗರಿ ಹೊಟ್ಟು, ದನಗಳ ವರ್ಷದ ಮೇವೆಲ್ಲ ಅಲ್ಲೇ ಇರುತ್ತದೆ. ಕಿಡಿ ಬಿದ್ದರೆ ಪಟ್ಟಣದಿಂದ ಅಗ್ನಿಶಾಮಕ ವಾಹನ ಬರುವತನಕ ಕೊಡ, ಬಕೆಟ್, ಯಾರದೋ ಟ್ರ್ಯಾಕ್ಟರಿನ ಟ್ಯಾಂಕರೇ ನಮಗೆ ಗತಿ.

ದುಡ್ಡಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ರಾಜ್ಯಗಳ ಅಗ್ನಿಶಾಮಕ ಸೇವೆಯನ್ನು ಆಧುನೀಕರಿಸಲು ಕೇಂದ್ರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ತಂದಿತು. ರಾಜ್ಯ ಪ್ರಸ್ತಾವ ಬರೆದು ಕಳಿಸಬೇಕಿತ್ತು, ವೆಚ್ಚದ ಶೇ 25ರಷ್ಟನ್ನು ತಾನು ಭರಿಸಬೇಕಿತ್ತು. ಸುಧಾರಣೆ ಮಾಡಿ ತೋರಿಸಿದ ರಾಜ್ಯಗಳಿಗೆಂದೇ ಅದರಲ್ಲಿ 500 ಕೋಟಿ ಇಟ್ಟಿದ್ದರು. ಇಂಥ ಹಣ ಸರಿಯಾಗಿ ಕೇಳಿದವರಿಗೆ ಸಿಗುತ್ತದೆ.

ಹಾಗಾಗಿ ಇಂಥ ಪ್ರಸ್ತಾವದಲ್ಲಿ ಏನು ಬರೆಯುತ್ತಾರೆ ಎಂಬುದೇ ದೊಡ್ಡ ಪ್ರಶ್ನೆ. ಬೆಂಗಳೂರಿನ ಬಹುಮಹಡಿ ಕಟ್ಟಡಗಳಿಗೆ ಎತ್ತರದ ಏಣಿ ಬೇಕು, ನಿಜ. ಸೇಡಂ, ಚಿಂಚೋಳಿಯ ಹೊಲದ ದಾರಿಗಳಿಗೆ ಬೇಕಿರುವುದು ಚಿಕ್ಕ ವಾಹನ, ಒಳ್ಳೆಯ ಪಂಪು, ಉದ್ದನೆಯ ಪೈಪು. ಇದು ಗೊತ್ತಿರುವುದು ಇಲ್ಲಿನ ಅಗ್ನಿಶಾಮಕ ಠಾಣೆಯ ಸಿಬ್ಬಂದಿಗೆ. ಪಟ್ಟಿ ಅವರನ್ನು ಕೇಳಿಯೇ ತಯಾರಾಗಬೇಕು. ರಾಜ್ಯದ ಪಾಲಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಕೈಜೋಡಿಸಲಿ.

ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತಲಿನ ಪಂಚಾಯಿತಿ ಸದಸ್ಯರಲ್ಲಿ ನನ್ನ ವಿನಂತಿ: ಮುಂದಿನ ಗ್ರಾಮಸಭೆಯಲ್ಲೇ ಹೋಬಳಿಗೊಂದು ಚಿಕ್ಕ ಅಗ್ನಿಶಾಮಕ ವಾಹನ ಬೇಕೆಂದು ಠರಾವು ಮಾಡಿ, ಜಿಲ್ಲಾಧಿಕಾರಿಗೆ ಕಳಿಸಿ.