ಸಮೀಕ್ಷೆ ಎಂದರೆ ಟಿಕ್ ಹಾಕಿಸುವುದಷ್ಟೇ ಅಲ್ಲ

ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರ ಬಂದರೆ ಸಾಕು, ನಮ್ಮ ಎಂಬಿಎ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಗೂಗಲ್ ಫಾರಂಗಳ ಸುರಿಮಳೆ. ‘ಎರಡೇ ನಿಮಿಷ, ಫಿಲ್ ಮಾಡ್ರಪ್ಪಾ’ ಎಂಬ ಮನವಿ ಬೇರೆ. ನಾವೂ ಓದದೆ ಟಿಕ್ ಹಾಕಿ ‘ಡನ್’ ಎನ್ನುತ್ತೇವೆ. ನಮ್ಮ ಸರದಿ ಬಂದಾಗ ಅವರು ಋಣ ತೀರಿಸುತ್ತಾರೆ. ಗೃಹಿಣಿಯರ ಖರೀದಿ ಅಭ್ಯಾಸದ ಪ್ರಶ್ನೆಗಳಿಗೆ ಹಾಸ್ಟೆಲ್ ಹುಡುಗರು ಉತ್ತರಿಸಿದ್ದೂ ಉಂಟು!

ನನ್ನ ವಿಷಯ ಗಾರ್ಮೆಂಟ್ಸ್ ಮಹಿಳಾ ಕಾರ್ಮಿಕರ ಉದ್ಯೋಗ ತೃಪ್ತಿ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಅನುಮತಿ ಸಿಕ್ಕಿತು. ಊಟದ ವೇಳೆ ಸೂಪರ್‌ವೈಸರ್ ಅವರೇ ಪ್ರಶ್ನಾವಳಿ ಹಂಚಿ, ತುಂಬಿಸಿ ತಂದುಕೊಟ್ಟರು. ಕೆಲವರು ಎಲ್ಲ ಪ್ರಶ್ನೆಗೂ 4, ಉಳಿದವರು ಎಲ್ಲಕ್ಕೂ 5 ಅಂಕ ಕೊಟ್ಟಿದ್ದರು. ಉತ್ತರಗಳ ಹೊಂದಾಣಿಕೆ ಅಳೆಯುವ ಕ್ರಾನ್‌ಬಾಕ್ ಆಲ್ಫಾ ಸಾಮಾನ್ಯವಾಗಿ 0.7 ದಾಟಿದರೆ ಸಾಕು ಎನ್ನುತ್ತಾರೆ. ನನ್ನದು 0.9 ದಾಟಿತ್ತು. ಖುಷಿಯೋ ಖುಷಿ.

ಅಂದು ಸಂಜೆ ಬಸ್ ಸ್ಟಾಪಿನಲ್ಲಿ ಸಿಕ್ಕ ಅಕ್ಕ ಒಬ್ಬರು ಆ ಖುಷಿಯನ್ನು ಇಳಿಸಿಬಿಟ್ಟರು. ‘ಸೂಪರ್‌ವೈಸರ್ ಕೈಗೆ ಕೊಡೋ ಹಾಳೇಲಿ ನಿಜ ಯಾರು ಬರೀತಾರೆ? ಅದೂ ಅಲ್ದೆ, ಉದ್ಯೋಗ ತೃಪ್ತಿ ಅಂದ್ರೇನು ಅಂತ ನಮಗೆ ಅರ್ಥಾನೇ ಆಗ್ಲಿಲ್ಲ’ ಎಂದರು. ಆಲ್ಫಾ ಹೇಳಿದ್ದು ಉತ್ತರಗಳು ಒಂದಕ್ಕೊಂದು ಹೊಂದುತ್ತವೆ ಎಂದಷ್ಟೇ, ಅವು ನಿಜ ಎಂದಲ್ಲ.

ಹೆಚ್ಚು ಜನರನ್ನು ಕೇಳಿದರೆ ಎಲ್ಲ ಸರಿಹೋಗುತ್ತದೆ ಎಂಬುದೂ ಭ್ರಮೆ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಮಂದಿಗೆ ಮತಪತ್ರ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆಂದಿತು. ಭಾರಿ ಅಂತರದಿಂದ ಗೆದ್ದದ್ದು ರೂಸ್‌ವೆಲ್ಟ್. ಟೆಲಿಫೋನ್, ಕಾರು ಇದ್ದವರ ಪಟ್ಟಿಗಳಿಂದ ಹೆಸರು ಆರಿಸಿದ್ದು, ಉತ್ತರಿಸಲು ಆಸಕ್ತಿ ಇದ್ದವರಷ್ಟೇ ಉತ್ತರಿಸಿದ್ದು ಮುಳುವಾಯಿತು. ನಮ್ಮ ವಾಟ್ಸ್‌ಆ್ಯಪ್ ಗ್ರೂಪ್ ಕೂಡ ಅಂಥದ್ದೇ ಪಟ್ಟಿ ಅಲ್ಲವೇ?

ವಿಶ್ವಾಸದ ಪ್ರಶ್ನೆಯೂ ಇದೆ. 2025ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ 60 ಪ್ರಶ್ನೆಗಳಿದ್ದವು. ಮಾಹಿತಿ ನೀಡುವುದು ಜನರ ಇಚ್ಛೆಗೆ ಬಿಟ್ಟದ್ದು, ಅದನ್ನು ಗೋಪ್ಯವಾಗಿಡಬೇಕು ಎಂದು ಹೈಕೋರ್ಟ್ ಹೇಳಿತು. ಸರ್ಕಾರಕ್ಕೇ ಈ ಕಟ್ಟುಪಾಡು ಇರುವಾಗ ವಿದ್ಯಾರ್ಥಿಗಳಾದ ನಮಗೆ ವಿನಾಯಿತಿ ಎಲ್ಲಿಂದ?

ಹಳೆಯ ಹಾಳೆಗಳನ್ನು ಬದಿಗಿಟ್ಟು ಮತ್ತೆ ಶುರುಮಾಡಿದೆ. ಕನ್ನಡಕ್ಕೆ ತಂದ ಪ್ರಶ್ನೆಗಳನ್ನು ಗೆಳತಿಯೊಬ್ಬಳಿಂದ ಮರಳಿ ಇಂಗ್ಲಿಷಿಗೆ ಅನುವಾದ ಮಾಡಿಸಿದೆ. ಅರ್ಥ ಜಾರಿದ್ದು ಎಲ್ಲಿ ಎಂಬುದು ಆಗ ತಿಳಿಯಿತು. ‘ತೃಪ್ತಿ ಇದೆಯೇ?’ ಎನ್ನುವ ಬದಲು ‘ಕಳೆದ ತಿಂಗಳು ರಜೆ ಕೇಳಿದಾಗ ಸಿಕ್ಕಿತೇ?’ ಎಂದು ಕೇಳಿದೆ. ಮೊದಲು ಐದಾರು ಮಂದಿಯ ಬಳಿ ಪರೀಕ್ಷಿಸಿದೆ. ಕಾರ್ಖಾನೆಯ ಹೊರಗೆ, ಹೆಸರು ಕೇಳದೆ, ಬೇಡವೆಂದವರನ್ನು ಒತ್ತಾಯಿಸದೆ ಮಾತನಾಡಿಸಿದೆ. ಮುಚ್ಚಿದ ಲಕೋಟೆಯಲ್ಲಿ ಉತ್ತರ ಪಡೆದೆ. ಸಿಕ್ಕಿದ್ದು 28 ಮಾತ್ರ. ಆದರೆ ಈ ಬಾರಿ ರಜೆ, ಶೌಚಾಲಯಕ್ಕೆ ಹೋಗಲು ಕೊಡುವ ಸಮಯ, ಬೈಗುಳ ಎಲ್ಲವೂ ಹೊರಬಂದವು.

ವೈವಾದಲ್ಲಿ ‘ಬರೀ 28?’ ಎಂದರು. ಇಷ್ಟು ಜನರಿಂದ ಎಲ್ಲ ಗಾರ್ಮೆಂಟ್ಸ್ ಕಾರ್ಮಿಕರ ಬಗ್ಗೆ ತೀರ್ಮಾನಕ್ಕೆ ಬರಲಾಗದು ಎಂದು ವರದಿಯಲ್ಲೇ ಬರೆದಿದ್ದೆ. ಅದನ್ನೇ ತೋರಿಸಿದೆ. ಅಂಕ ಸ್ವಲ್ಪ ಕಡಿಮೆಯೇ ಬಂತು.

ಬೇಸರವಿಲ್ಲ. ನಾಳೆ ನಮ್ಮಲ್ಲೇ ಹಲವರು ಎಚ್‌ಆರ್ ವಿಭಾಗಗಳಲ್ಲಿ ಕೂರುತ್ತೇವೆ. ‘ನಮ್ಮ ನೌಕರರು ಸಂತೃಪ್ತರು’ ಎಂಬ ವರದಿಗೆ ಸಹಿ ಹಾಕುತ್ತೇವೆ. ಆ ವರದಿ ನೋಡಿ ಯಾರದ್ದೋ ರಜೆ, ಯಾರದ್ದೋ ಸಂಬಳ ತೀರ್ಮಾನವಾಗುತ್ತದೆ. ಹಾಗಾಗಿ ಗೆಳೆಯರೇ, ಮುಂದಿನ ಫಾರಂ ಬಂದಾಗ ಓದಿ ತುಂಬಿ. ನಿಮಗೆ ಸಂಬಂಧಿಸಿದ್ದಲ್ಲದಿದ್ದರೆ ‘ಇದು ನನಗಲ್ಲ’ ಎಂದು ಹೇಳಿಬಿಡಿ. ಸ್ನೇಹಿತನಿಗೆ ಅದೇ ದೊಡ್ಡ ಸಹಾಯ.