ಜೇಬಿನಲ್ಲಿ ಕೇಸ್ ಪೇಪರ್

ಮಕ್ಕಳೇ, ನಿಮ್ಮಲ್ಲಿ ಎಷ್ಟೋ ಮಂದಿ ಈಗ ಮುಂಬಯಿಯ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದೀರಿ: ನರ್ಸ್, ರೆಸಿಡೆಂಟ್ ಡಾಕ್ಟರ್, ಲ್ಯಾಬ್ ಟೆಕ್ನಿಷಿಯನ್, ಬಿಲ್ಲಿಂಗ್ ಕೌಂಟರಿನ ಹುಡುಗ. ಉಳಿದವರು ಅಪ್ಪನ ಬಿಪಿ, ಅಜ್ಜಿಯ ಮಂಡಿನೋವು ಎಂದು ಅಲ್ಲಿನ ಬೆಂಚಿನ ಮೇಲೆ ಕಾದು ಕುಳಿತವರು. ಈ ಸಲದ ಮಾತು ಇಬ್ಬರಿಗೂ ಸಲ್ಲುತ್ತದೆ. ವಾರ್ಡಿನ ಗೋಡೆಯ ಮೇಲೆ ‘ಡ್ಯೂಟಿ ವೇಳೆ ಮೊಬೈಲ್ ಬಳಸಬಾರದು’ ಎಂಬ ಫಲಕ ತೂಗುತ್ತಿರುತ್ತದೆ. ಅದರ ಕೆಳಗೇ ನಿಂತ ಸಿಸ್ಟರ್ ನಾಳೆ ತನಗೆ ಯಾವ ಪಾಳಿ ಎಂದು ವಾಟ್ಸಾಪಿನಲ್ಲಿ ನೋಡುತ್ತಿರುತ್ತಾಳೆ. ಯಾಕೆಂದರೆ ಮೇಟ್ರನ್ ಬಾಯಿ ಅದನ್ನು ಕಳಿಸುವುದೇ ಅಲ್ಲಿಗೆ!

ಮೊಬೈಲನ್ನು ಕಂಡರಾಗದ ಹಿರಿಯಳೆಂದು ನನ್ನನ್ನು ಬದಿಗೆ ಸರಿಸಬೇಡಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಕೆಲಸ ಆರಂಭಿಸಿದರು. ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸುವುದು, ಅಲ್ಲಿನ ವೈದ್ಯರನ್ನು ವಾಟ್ಸಾಪ್ ಗುಂಪುಗಳಲ್ಲಿ ಸೇರಿಸುವುದು, ಇಷ್ಟೇ ಉಪಾಯ. ಎದೆನೋವೆಂದು ಬಂದವನ ಇಸಿಜಿಯ ಫೋಟೋ ಗುಂಪಿಗೆ ಬೀಳುತ್ತದೆ. ಅದು ಬರೀ ಗ್ಯಾಸೋ, ರಕ್ತನಾಳ ಕಟ್ಟಿಕೊಂಡಿದೆಯೋ ಎಂದು ದೂರದಲ್ಲಿರುವ ತಜ್ಞರು ನೋಡಿ ಹೇಳುತ್ತಾರೆ. ನಾಳ ಕಟ್ಟಿದ್ದರೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ನಿಮ್ಮ ಅಜ್ಜ ಊರಿನಲ್ಲಿ ಒಬ್ಬರೇ ಇದ್ದರೆ ಆ ಒಂದು ಫೋಟೋದ ಬೆಲೆ ಏನೆಂದು ನಾನು ಹೇಳಬೇಕಿಲ್ಲ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯೂ ವಾಟ್ಸಾಪಿನಂಥ ಸಾಧನಗಳಲ್ಲಿ ವೈದ್ಯರು ಸಲಹೆ ಕೊಡಬಹುದು ಎಂದು ಒಪ್ಪಿತು. ರಾತ್ರಿಪಾಳಿಯ ನರ್ಸ್ ರೋಗಿಯ ಕಣ್ಣಪಾಪೆ ನೋಡುವುದೂ ಎಷ್ಟೋ ಸಲ ತನ್ನ ಮೊಬೈಲಿನ ಟಾರ್ಚಿನಿಂದಲೇ.

ಆದರೆ ಆ ಫೋಟೋ ಮುಂದೆ ಎಲ್ಲಿಗೆ ಹೋಗುತ್ತದೆ? ವಾಟ್ಸಾಪ್ 2016ರಿಂದಲೇ ಸಂದೇಶಗಳಿಗೆ ಬೀಗ ಹಾಕಿ ಕಳಿಸುತ್ತದೆ, ನಿಜ. ದಾರಿಯಲ್ಲಿ ಯಾರೂ ಕದಿಯಲಾರರು. ಮನೆ ಸೇರಿದ ಮೇಲೆ? ತಂಗಿಯ ಸೀಮಂತದ ಚಿತ್ರಗಳ ನಡುವೆ ಒಬ್ಬ ಅಪರಿಚಿತೆಯ ಆಪರೇಷನ್ನಿನ ಗಾಯ ಗ್ಯಾಲರಿಯಲ್ಲಿ ಕುಳಿತಿರುತ್ತದೆ. ಅದೇ ಮೊಬೈಲಿನಲ್ಲಿ ತಮ್ಮ ಗೇಮ್ ಆಡುತ್ತಾನೆ. ವಿರಾರ್ ಲೋಕಲಿನಲ್ಲಿ ಜೇಬುಗಳ್ಳನ ಪಾಲಾದರಂತೂ ಕೇಳುವುದೇ ಬೇಡ.

ನಮ್ಮ ಪರಿಚಯದ ಒಂದು ಮನೆಯ ಮಾತು. ನಿಮ್ಮ ವಯಸ್ಸಿನವಳೇ, ಗರ್ಭಪಾತವಾಗಿ ಒಂದು ನರ್ಸಿಂಗ್ ಹೋಮಿನಲ್ಲಿದ್ದಳು. ಹೆತ್ತ ತಾಯಿಗೂ ಇನ್ನೂ ಹೇಳಿರಲಿಲ್ಲ. ಅಲ್ಲಿ ಕೆಲಸಕ್ಕಿದ್ದ ನಮ್ಮೂರ ಕಡೆಯ ಹೆಂಗಸೊಬ್ಬಳು ಕೇಸ್ ಪೇಪರಿನ ಫೋಟೋ ತೆಗೆದು, ‘ಪಾಪ, ದೇವರಲ್ಲಿ ಬೇಡಿಕೊಳ್ಳಿ’ ಎಂದು ಕುಟುಂಬದ ಗುಂಪಿಗೆ ಹಾಕಿದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಕೆಟ್ಟ ಮನಸ್ಸಿನಿಂದ ಹಾಕಿದ್ದಲ್ಲ, ಮರುಕದಿಂದಲೇ ಹಾಕಿದ್ದು. ಆ ಹುಡುಗಿ ಮುಂದೆ ಎರಡು ವರ್ಷ ಊರಿನ ಯಾವ ಮದುವೆಗೂ ಹೋಗಲಿಲ್ಲ.

ಇದು ನಮ್ಮವರ ಬಾಯಿಚಪಲ ಮಾತ್ರ ಎಂದುಕೊಳ್ಳಬೇಡಿ. ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರಿನಲ್ಲಿ ಸರಕಾರಿ ಆರೋಗ್ಯ ಸೇವೆಯ 26 ಸಿಬ್ಬಂದಿ 2020ರಿಂದ 2022ರವರೆಗೆ 500ಕ್ಕೂ ಹೆಚ್ಚು ಸಲ ರೋಗಿಗಳ ವಿವರಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಸಿಬ್ಬಂದಿಯಲ್ಲದ ಒಬ್ಬರು ತಪ್ಪಿ ಆ ಗುಂಪಿಗೆ ಸೇರಿಕೊಂಡಿದ್ದರು! ಮಾಹಿತಿ ಆಯುಕ್ತರು 2023ರಲ್ಲಿ ಸಂಸ್ಥೆಗೆ ಛೀಮಾರಿ ಹಾಕಿದರು. ನಮ್ಮಲ್ಲಿ ವೈದ್ಯರು ರೋಗಿಯ ಗುಟ್ಟು ಕಾಯಬೇಕೆಂದು 2002ರ ವೃತ್ತಿ ನಿಯಮಗಳಲ್ಲೇ ಇದೆ. ಎಚ್‌ಐವಿ ವಿಷಯಕ್ಕೆ 2017ರ ಪ್ರತ್ಯೇಕ ಕಾಯಿದೆಯಿದೆ. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆಯೂ ಆಯಿತು.

ಹಾಗಂತ ತಪ್ಪೆಲ್ಲ ಸಿಬ್ಬಂದಿಯದೆಂದು ಹೇಳುವುದು ನನಗೆ ಒಗ್ಗದು. ಫೋನ್ ಅವರದು, ರೀಚಾರ್ಜ್ ಅವರ ಸಂಬಳದ್ದು, ವಾರದ ರಜೆಯಲ್ಲೂ ‘ಬೆಡ್ ನಂಬರ್ ಹನ್ನೆರಡರ ರಿಪೋರ್ಟ್ ಎಲ್ಲಿ?’ ಎಂದು ಕುಟುಕುವ ಗುಂಪು ಆಸ್ಪತ್ರೆಯದು. ವಾರ್ಡಿಗೊಂದು ಫೋನ್ ಕೊಟ್ಟು, ಅದನ್ನು ಅಲ್ಲೇ ಇಟ್ಟು ಹೋಗಿ ಎಂದರೆ ಅರ್ಧ ಸಮಸ್ಯೆ ತೀರುತ್ತದೆ. ಖರ್ಚು ಯಾರು ಮಾಡಬೇಕು ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ.

ಅಲ್ಲಿಯವರೆಗೆ, ಡ್ಯೂಟಿಯಲ್ಲಿರುವವರೇ, ವಾಟ್ಸಾಪಿನ ಸೆಟ್ಟಿಂಗಿನಲ್ಲಿ ‘ಮೀಡಿಯಾ ವಿಸಿಬಿಲಿಟಿ’ಯನ್ನು ಆರಿಸಿ. ಬಂದ ಫೋಟೋ ಗ್ಯಾಲರಿಯಲ್ಲಿ ಕಾಣಿಸುವುದಿಲ್ಲ. ಕಳಿಸುವ ಮೊದಲು ಹೆಸರಿರುವ ಅಂಚನ್ನು ಕತ್ತರಿಸಿ, ಕೆಲಸ ಮುಗಿದ ಮೇಲೆ ಅಳಿಸಿ. (ಕೈ ತೊಳೆದು ಮತ್ತೆ ಅದೇ ಫೋನ್ ಮುಟ್ಟುತ್ತೀರಲ್ಲ, ಅದನ್ನೂ ಒಮ್ಮೆ ಒರೆಸಬಾರದೇ? ಕೈ ತೊಳೆಯಿರೆಂದು 1847ರಲ್ಲಿ ವಿಯೆನ್ನಾದಲ್ಲಿ ಹೇಳಿದ ಸೆಮ್ಮೆಲ್‌ವೈಸ್ ಮಹಾಶಯನಿಗೆ ಮೊಬೈಲಿನ ಕಾಟವಿರಲಿಲ್ಲ.) ಬೆಂಚಿನ ಮೇಲೆ ಕುಳಿತವರೇ, ನಿಮ್ಮವರ ಫೋಟೋ ಯಾರಾದರೂ ತೆಗೆದರೆ ‘ಯಾರಿಗೆ ಕಳಿಸುತ್ತೀರಿ, ಸಿಸ್ಟರ್?’ ಎಂದು ಮೆತ್ತಗೆ ಕೇಳಿ. ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ಸಂಗತಿ ನಿಮಗೇ ವಿಶೇಷವಾಗಿ. ಕನ್ನಡ ಬಿಟ್ಟರೆ ಬೇರೆ ಬಾರದ ಅಜ್ಜಿಯೊಬ್ಬರು ಇಲ್ಲಿಯ ವಾರ್ಡಿನಲ್ಲಿದ್ದರೆ, ಮಲಯಾಳಿ ಸಿಸ್ಟರ್ ತನ್ನ ಮೊಬೈಲಿನಿಂದ ಕನ್ನಡ ಬಲ್ಲ ಗೆಳತಿಗೆ ಫೋನ್ ಹಚ್ಚುತ್ತಾಳೆ. ಆ ಗೆಳತಿ ನೀವಾಗಿರಬಹುದು. ಮಗನೆದುರು ಆಡಲಾರದ ಮಾತನ್ನು, ಎಲ್ಲಿ ರಕ್ತ ಹೋಗುತ್ತಿದೆ, ಎಂದಿನಿಂದ ಎಂಬುದನ್ನು, ಅಜ್ಜಿ ನಿಮ್ಮ ಕಿವಿಯಲ್ಲಿ ಹೇಳುತ್ತಾರೆ. ಅದನ್ನು ಸಿಸ್ಟರಿಗೆ ಬಿಟ್ಟು ಇನ್ನಾರಿಗೂ ದಾಟಿಸಬೇಡಿ, ಮನೆಯಲ್ಲಿ ಅಮ್ಮನಿಗೂ ಕೂಡ. ಇಂಥ ಕರೆ ನಿಮಗೆ ಬಂದದ್ದುಂಟೇ? ಊರು, ಹೆಸರು ಬೇಡ. ಏನು ಮಾಡಿದಿರಿ ಎಂಬುದನ್ನು ಬರೆದು ಸಂಘದ ವಿಳಾಸಕ್ಕೆ ಕಳಿಸಿ.