ಬ್ರಿಗೇಡ್ ರೋಡ್ ಆಯ್ತಲ್ಲ, ಗೋದಲಿ ನೋಡಿದ್ರಾ?

ಡಿಸೆಂಬರ್ ಬಂತು ಅಂದರೆ ನಮ್ಮ ಕ್ಯಾಂಪಸ್ಸಿನಲ್ಲಿ ಒಂದು ವಾದ ಶುರುವಾಗುತ್ತೆ. ಒಂದು ಗುಂಪು "ನಡೀರಿ ಬ್ರಿಗೇಡ್ ರೋಡ್‌ಗೆ, ಲೈಟಿಂಗ್ಸ್ ಸಖತ್ತಾಗಿರುತ್ತೆ" ಅನ್ನುತ್ತೆ. ಇನ್ನೊಂದು ಗುಂಪು, ಅದರಲ್ಲೂ ನಮ್ಮ ಕನ್ನಡ ಸಂಘದವರೇ ಜಾಸ್ತಿ, "ಅದೇನು ನಮ್ಮ ಹಬ್ಬಾನಾ? ಕಂಟೋನ್ಮೆಂಟಿನವರ ಇಂಗ್ಲಿಷ್ ಹಬ್ಬ" ಅಂತ ಮುಖ ತಿರುಗಿಸುತ್ತೆ. ನಮಗೆ ಎರಡೂ ಸರಿ ಕಾಣಲ್ಲ. ನಾವು ಅಂದರೆ ನಾಗಲಮಡಿಕೆ, ತಿರುಮಣಿ, ಪಾವಗಡದ ಕಡೆಯಿಂದ ಬಂದು ಹಾಸ್ಟೆಲ್ಲಿನ ಒಂದೇ ಫ್ಲೋರಿನಲ್ಲಿ ಸೇರಿಕೊಂಡಿರುವ ನಾಲ್ಕು ಜನ. ಕಳೆದ ಕ್ರಿಸ್‌ಮಸ್‌ಗೆ ಎಕ್ಸಾಮ್‌ಗಳ ಮಧ್ಯೆ ಸಿಕ್ಕಿದ್ದು ಒಂದೇ ದಿನದ ರಜೆ. ಊರಿಗೆ ಹೋದರೆ ಅದು ಬಸ್ಸಿನಲ್ಲೇ ಮುಗಿದುಹೋಗುತ್ತೆ ಅಂತ ಬೆಂಗಳೂರಲ್ಲೇ ಉಳಿದೆವು. ಆ ದಿನ ನೋಡಿದ್ದನ್ನು ಇಟ್ಟುಕೊಂಡು ಎರಡೂ ಗುಂಪಿನ ಜೊತೆ ಸ್ವಲ್ಪ ಜಗಳ ಆಡೋಣ ಅಂತ ಈ ಬರಹ.

ಮೊದಲು ಬ್ರಿಗೇಡ್ ರೋಡ್. 24ರ ಸಂಜೆ ನಾವೂ ಹೋಗಿದ್ವಿ, ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು. ತಲೆ ಮೇಲೆ ಉದ್ದಕ್ಕೂ ಸೀರಿಯಲ್ ಸೆಟ್, ಅಂಗಡಿ ಮುಂದೆ ನಕ್ಷತ್ರ, ಕೆಂಪು ಟೋಪಿ ಮಾರುವ ಹುಡುಗರು. ನಮ್ಮ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಸೇರಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆಯಲ್ಲ, ಅದರ ಜಂಬದಲ್ಲಿ ಒಬ್ಬ, "ನಮ್ಮೂರ ಬಿಸಿಲೇ ಇಲ್ಲಿ ಉರೀತಿದೆ ಕಣ್ರೋ" ಅಂದ. ಎಲೆಕ್ಟ್ರಿಕಲ್ ಓದುವವನು ತಕ್ಷಣ ತಡೆದ. ರಾತ್ರಿ ಎಂಟಕ್ಕೆ ಯಾವ ಪ್ಯಾನೆಲ್ಲೋ? ಈ ಹೊತ್ತಲ್ಲಿ ಇದು ಶರಾವತಿಯ ನೀರು, ಇಲ್ಲಾ ರಾಯಚೂರಿನ ಕಲ್ಲಿದ್ದಲು. ಜಂಬ ಅಲ್ಲಿಗೆ ಮುಗೀತು.

ನಮ್ಮ ತಕರಾರು ದೀಪದ ಮೇಲಲ್ಲ. ಅಲ್ಲಿ ಹತ್ತು ನಿಮಿಷ ನಿಂತರೆ ಸಾಕು, ನೀವು ನೋಡೋಕೆ ಬಂದವರು ಅನ್ನೋದು ಹೋಗಿ ಕೊಳ್ಳೋಕೆ ಬಂದವರಾಗಿಬಿಡುತ್ತೀರಿ. ಮಾಲ್‌ಗಳ ಮೂರು ಮಹಡಿ ಎತ್ತರದ ಮರದ ಕಥೆಯೂ ಅದೇ. ಕೆಳಗೆ ಜೋಡಿಸಿಟ್ಟ ಗಿಫ್ಟ್ ಡಬ್ಬಗಳು ಖಾಲಿ ಅಂತ ಎಲ್ಲರಿಗೂ ಗೊತ್ತು, ಆದರೂ ಫೋಟೋಗೆ ಕ್ಯೂ. ಹಬ್ಬದ ಅಲಂಕಾರ ಅಂದರೆ ಇಷ್ಟೇ ಅಂದುಕೊಂಡು ವಾಪಸ್ ಬರುವವರನ್ನು ಕಂಡರೆ ಬೇಜಾರಾಗುತ್ತೆ.

ಈಗ ನಮ್ಮ ಸಂಘದ ಗೆಳೆಯರ ಕಡೆಗೆ ಬರೋಣ. ಇಂಗ್ಲಿಷ್ ಹಬ್ಬ ಅಂದಿರಲ್ಲ, 25ರ ಬೆಳಿಗ್ಗೆ ಹಡ್ಸನ್ ಸರ್ಕಲ್ಲಿಗೆ ಬರಬೇಕಿತ್ತು ನೀವು. ದಿನಾ ಹಾರ್ನ್ ಹೊಡೆದು ಹೊಡೆದು ಪ್ರಾಣ ತೆಗೆಯುವ ಜಾಗ ಅವತ್ತು ಎಷ್ಟು ಸುಮ್ಮನಿತ್ತು ಅಂದರೆ, ರಸ್ತೆ ದಾಟುವಾಗ ನಮ್ಮ ಚಪ್ಪಲಿ ಸದ್ದು ನಮಗೇ ಕೇಳ್ತಿತ್ತು. ಅಲ್ಲಿರುವ ಹಡ್ಸನ್ ಸ್ಮಾರಕ ದೇವಾಲಯ 1904ರದು. ಇಲ್ಲಿ ಕನ್ನಡ ಮಕ್ಕಳ ಶಾಲೆಗಳಿಗಾಗಿ ದುಡಿದ ಜೋಸಾಯ ಹಡ್ಸನ್ ಎಂಬ ಮಿಷನರಿಯ ಹೆಸರು ಅದಕ್ಕೆ. ಒಳಗೆ ಆರಾಧನೆ ಕನ್ನಡದಲ್ಲಿ, ಪ್ರಾರ್ಥನೆ ಕನ್ನಡದಲ್ಲಿ, ಹಾಡೂ ಕನ್ನಡದಲ್ಲೇ. ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದ ಅಜ್ಜಿಯೊಬ್ಬರು ಸರಿದು ಕೂತು ನಮಗೆ ಜಾಗ ಮಾಡಿಕೊಟ್ಟರು. ಮುಗಿದ ಮೇಲೆ ಮಾತಾಡಿಸಿದರು. "ಯಾವೂರು ಮಕ್ಳೆ?" ಪಾವಗಡದ ಕಡೆ ಅಂದ್ವಿ. "ಹಾಗಾದ್ರೆ ಮನೇಲಿ ತೆಲುಗಾ?" ಅಂತ ಕೇಳಿ, ಅವರೇ ನಕ್ಕು, "ನಮ್ಮನ್ನೂ ಹೀಗೇ ಕೇಳ್ತಾರೆ ಬಿಡಿ, ನೀವು ಕ್ರಿಶ್ಚಿಯನ್ನರು, ಕನ್ನಡ ಬರುತ್ತಾ ಅಂತ" ಅಂದರು.

ಆ ಮಾತು ನಮಗೆ ನಾಟಿತು. ಪಾವಗಡದಿಂದ ಬಂದ ಯಾರನ್ನಾದರೂ ಕೇಳಿ. ನಮ್ಮ ತಾಲ್ಲೂಕಿನ ಸುತ್ತ ಹೆಚ್ಚುಕಡಿಮೆ ಎಲ್ಲ ಕಡೆ ಆಂಧ್ರ. ಮಧುಗಿರಿಯಿಂದ ಬರುವ ನಮ್ಮ ಬಸ್ಸೂ ಸ್ವಲ್ಪ ದೂರ ಆಂಧ್ರದ ನೆಲದಲ್ಲಿ ಓಡಿ ಮತ್ತೆ ಕರ್ನಾಟಕಕ್ಕೆ ಬರುತ್ತೆ. ಮನೆಯಲ್ಲಿ ಎರಡೂ ಭಾಷೆ. ಇಲ್ಲಿಗೆ ಬಂದರೆ ಮೊದಲ ವಾರವೇ "ಓ, ನೀವು ಆಂಧ್ರದವರಾ?" ನವೆಂಬರ್ ಒಂದರಂದು ಬಾವುಟ ಹಿಡಿದು ನಿಂತರೂ ಕೇಳುವವರು ಕೇಳ್ತಾನೇ ಇರುತ್ತಾರೆ. ಹುಟ್ಟಿದ ಭಾಷೆಗೆ ಪ್ರತಿಸಲ ಪ್ರೂಫ್ ತೋರಿಸೋದು ಎಷ್ಟು ಕಿರಿಕಿರಿ ಅಂತ ನಮಗೆ ಗೊತ್ತು. ಅದನ್ನೇ ನಾವು ಇನ್ನೊಬ್ಬರಿಗೆ ಮಾಡಬಾರದು. ಪ್ರತಿ ವರ್ಷ ನಮ್ಮ ರಾಜ್ಯೋತ್ಸವ ಕ್ವಿಜ್‌ನಲ್ಲಿ ಕಿಟೆಲ್ ನಿಘಂಟು ಬಂದ ವರ್ಷ ಯಾವುದು ಅಂತ ಕೇಳ್ತೀವಿ, 1894 ಅಂದವರಿಗೆ ಚಪ್ಪಾಳೆ. ಆ ಪುಣ್ಯಾತ್ಮ ಪಾದ್ರಿ ತಾನೇ? ಎಂ.ಜಿ. ರಸ್ತೆಯ ಮೇಯೋ ಹಾಲ್ ಹತ್ತಿರ ಅವರ ಪ್ರತಿಮೆ ಇದೆ, ಬ್ರಿಗೇಡ್ ರೋಡಿನಿಂದ ನಡೆದೇ ಹೋಗಬಹುದು. ನವೆಂಬರಿನಲ್ಲಿ ಕಿಟೆಲ್ ನಮ್ಮವರು, ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಬೇರೆಯವರದು ಅನ್ನೋ ಲೆಕ್ಕ ನಮಗಂತೂ ಅರ್ಥವಾಗಿಲ್ಲ.

ಈಗ ಗೋದಲಿ. ಹಡ್ಸನ್ ಸರ್ಕಲ್ಲಿನಿಂದ ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾಗೆ ಹೋದ್ವಿ, ಅಲ್ಲಿಂದ ಸುತ್ತಮುತ್ತಲ ಬೀದಿಗಳಿಗೆ. ಕ್ಯಾಥೋಲಿಕ್ ಚರ್ಚುಗಳಲ್ಲಿ, ಮನೆ ಅಂಗಳಗಳಲ್ಲಿ, ಕೆಲವು ಕಡೆ ಗಲ್ಲಿಯ ತುದಿಯಲ್ಲಿ ಯೇಸು ಹುಟ್ಟಿದ ಕೊಟ್ಟಿಗೆ ಕಟ್ಟಿರುತ್ತಾರೆ. ಹುಲ್ಲಿನ ಮಾಡು, ಮಣ್ಣಿನ ಗೊಂಬೆಗಳು, ಹಸು, ಕತ್ತೆ, ಕುರಿ ಕಾಯುವವರು. ಚರ್ಚಿನಲ್ಲಿ ಗೊತ್ತಿರುವ ಕಥೆಯನ್ನೇ ಕಣ್ಣಿಗೆ ಕಾಣುವ ಹಾಗೆ ಮಾಡಬೇಕು ಅಂತ ಅಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೋ ಅನ್ನೋ ಊರಲ್ಲಿ ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿದ್ದರಂತೆ. ಆ ಪದ್ಧತಿ ಅಲ್ಲಿಂದ ಶಿವಾಜಿನಗರದ ಗಲ್ಲಿವರೆಗೂ ಬಂದಿದೆ. ಕನ್ನಡ ಕ್ರೈಸ್ತರು ಇದನ್ನು ಕರೆಯೋದು ಗೋದಲಿ ಅಂತ. ಕನ್ನಡ ಬೈಬಲಿನಲ್ಲೂ ಮಗುವನ್ನು ಮಲಗಿಸುವುದು ಗೋದಲಿಯಲ್ಲೇ.

ನಮ್ಮಲ್ಲಿ ಮೂವರು ಇಂಗ್ಲಿಷ್ ಮೀಡಿಯಮ್. ಪ್ರೈಮರಿಯಲ್ಲಿ ಪ್ರತಿ ಡಿಸೆಂಬರ್ ಬಿಳಿ ಫ್ರಾಕು, ಬಿಳಿ ಶರ್ಟು ಹಾಕಿಸಿ ಕ್ಯಾರೋಲ್ ಹಾಡಿಸೋರು. ಅದರಲ್ಲಿ 'ಮೇಂಜರ್' ಅಂತ ಒಂದು ಪದ. ಅದೇನೋ ವಿದೇಶದ ತೊಟ್ಟಿಲು ಅನ್ನೋ ಹಾಗೆ ಹಾಡ್ತಿದ್ವಿ. ಅದೇ ಸಂಜೆ ಮನೆಗೆ ಹೋದರೆ ಅಜ್ಜಿ, "ಗ್ವಾದ್ಲಿಗೆ ಒಂದಿಷ್ಟು ಹುಲ್ಲು ಹಾಕ್ಬಾರೋ" ಅನ್ನೋರು. ಕಲ್ಲು ಚಪ್ಪಡಿ ನಿಲ್ಲಿಸಿ ಕಟ್ಟಿದ್ದು, ದನ ತಿಂದು ತಿಂದು ಅಂಚು ನುಣ್ಣಗಾಗಿದ್ದು. ಒಳಗೆ ರಾಗಿ ಹುಲ್ಲು, ಸುಗ್ಗಿ ಆದಮೇಲೆ ಕಡ್ಲೆಕಾಯಿ ಬಳ್ಳಿ. ಎರಡೂ ಒಂದೇ ವಸ್ತು ಅಂತ ಯಾವ ಟೀಚರೂ ಹೇಳಿರಲಿಲ್ಲ. ದೊಡ್ಡವರ ಮನೆ ಮಗುವಿಗಲ್ಲ, ಇಳಿದುಕೊಳ್ಳೋಕೆ ಜಾಗ ಸಿಗದವರ ಮಗುವಿಗೆ ಹಾಸಿಗೆಯಾದದ್ದು ನಮ್ಮ ಅಜ್ಜಿಯ ಗ್ವಾದ್ಲಿಯಂಥದ್ದೇ ಅಂತ ಗೊತ್ತಾದ ಮೇಲೆ ಆ ಕಥೆ ನಮಗೆ ಬೇರೆಯದೇ ಆಗಿಬಿಟ್ಟಿತು.

ಒಂದು ಗಲ್ಲಿಯ ಗೋದಲಿ ಮುಂದೆ ನಾವು ತುಂಬಾ ಹೊತ್ತು ನಿಂತಿದ್ವಿ. ತೆಂಗಿನ ಗರಿಯ ಮಾಡು, ಪೇಪರಿಗೆ ಬಣ್ಣ ಬಳಿದು ಮಾಡಿದ ಬೆಟ್ಟ, ಕನ್ನಡಿ ಚೂರಿನ ಕೆರೆ, ಪಕ್ಕದಲ್ಲಿ ರಾಗಿ ಮೊಳಕೆಯ ಪುಟ್ಟ ಹೊಲ. ಹಸು ಮಾತ್ರ ಗೋದಲಿಗೆ ಬೆನ್ನು ಹಾಕಿ ನಿಂತಿತ್ತು. "ಇದನ್ನ ಜೋಡಿಸಿದವರು ಒಂದು ದಿನಾನೂ ಹಸು ಕಟ್ಟಿಲ್ಲ" ಅಂತ ನಮ್ಮವನು ತೀರ್ಪು ಕೊಟ್ಟ. ಕೇಳಿಸಿಕೊಂಡ ಆ ಮನೆಯ ಹುಡುಗ ಬಂದು, "ಹೌದಾ ಅಣ್ಣ, ಹೆಂಗಿರಬೇಕು?" ಅಂತ ಕೇಳಿ ಸರಿಯಾಗಿ ತಿರುಗಿಸಿ ಇಟ್ಟ. ಆಮೇಲೆ ಒಳಗಿಂದ ಪ್ಲಮ್ ಕೇಕು, ಕಲ್‌ಕಲ್ ಬಂತು. ಮಾಲ್‌ನ ಮರದ ಬಗ್ಗೆ ಹೀಗೆ ಕಾಮೆಂಟ್ ಮಾಡಿ ನೋಡಿ, ಸೆಕ್ಯುರಿಟಿಯವರು ಬರುತ್ತಾರೆ.

ಆದರೆ ಅವತ್ತು ಹಾಸ್ಟೆಲ್ಲಿಗೆ ವಾಪಸ್ ಬರುವಾಗ ನಮ್ಮ ಮಾತು ಪೂರ್ತಿ ಊರಿನ ಕಡೆ ತಿರುಗಿತ್ತು, ಅದು ಅಷ್ಟು ಖುಷಿಯ ಮಾತಲ್ಲ. ನಮ್ಮ ನಾಗಲಮಡಿಕೆಯದು ಅಂತ್ಯ ಸುಬ್ರಹ್ಮಣ್ಯ. ಕುಕ್ಕೆ ಆದಿ, ಘಾಟಿ ಮಧ್ಯ, ನಮ್ಮದು ಕೊನೆಯದು. ಉತ್ತರ ಪಿನಾಕಿನಿ ದಡದಲ್ಲಿ ಪುಷ್ಯ ಶುದ್ಧ ಷಷ್ಠಿಗೆ ರಥೋತ್ಸವ. ಪಂಚಾಂಗದ ಲೆಕ್ಕದಲ್ಲಿ ಅದು ಕೆಲವು ವರ್ಷ ಕ್ರಿಸ್‌ಮಸ್ ಪಕ್ಕಕ್ಕೇ ಬಂದುಬಿಡುತ್ತೆ, ಕೆಲವು ವರ್ಷ ಜನವರಿಗೆ ಹೋಗುತ್ತೆ. ಅದರ ಜೊತೆಗೇ ದನಗಳ ಜಾತ್ರೆ. ಚಿಕ್ಕವರಿದ್ದಾಗ ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ ಕಟ್ಟಿ ಸಾಲಾಗಿ ನಿಲ್ಲಿಸಿದ್ದನ್ನ ನೋಡೋದೇ ನಮಗೆ ದೊಡ್ಡ ಡಿಸ್‌ಪ್ಲೇ. ಈಗ ನಮ್ಮ ನಾಲ್ಕು ಮನೆಗಳಲ್ಲಿ ಒಂದರಲ್ಲಿ ಮಾತ್ರ ಹಸು ಇದೆ. ಮಳೆ ನಂಬಿ ಸಾಕಾಗಿತ್ತು, ಸೋಲಾರ್ ಪಾರ್ಕ್ ಬಂತು, ಹೊಲ ಇದ್ದವರಿಗೆ ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಅಂತಾಯ್ತು. ಬರದ ಊರಿಗೆ ಅದು ಸಣ್ಣ ದುಡ್ಡಲ್ಲ, ನಮ್ಮಲ್ಲಿ ಒಬ್ಬನ ಫೀಸು ಕಟ್ಟೋದೇ ಅದರಿಂದ. ಬೇಲಿ ಬಿದ್ದ ಮೇಲೆ ದನ ಕುರಿ ಮೇಯುತ್ತಿದ್ದ ಬೀಳು ಹೋಯಿತು. ಹೊಲ ಇಲ್ಲದೆ ಬರೀ ಕುರಿ ನಂಬಿದ್ದವರಿಗೆ ಗುತ್ತಿಗೆಯೂ ಇಲ್ಲ, ಬೀಳೂ ಇಲ್ಲ. ಅಜ್ಜಿ ಮನೆಯ ಗ್ವಾದ್ಲಿಯಲ್ಲಿ ಈಗ ನೀರಿನ ಪೈಪು, ಹಳೇ ಸ್ಟಾರ್ಟರ್ ಡಬ್ಬ ಇಟ್ಟಿದ್ದಾರೆ.

ಅದಕ್ಕೇ ನಮಗೆ ಗಲ್ಲಿಯ ಆ ಗೋದಲಿ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ ಅನ್ನಿಸುತ್ತೆ. ನಮ್ಮ ಮನೆಗಳಿಂದ ಖಾಲಿಯಾಗುತ್ತಿರೋ ಒಂದು ವಸ್ತುವನ್ನ, ಅದರ ಹೆಸರಿನ ಸಮೇತ, ಸಿಟಿಯ ಮಧ್ಯೆ ಯಾರೋ ಪ್ರತಿ ವರ್ಷ ಕೈಯಾರೆ ಕಟ್ಟಿ ಕಾಪಾಡ್ತಿದ್ದಾರೆ. ನಾವು ಅದನ್ನ ಇಂಗ್ಲಿಷ್ ಹಬ್ಬ ಅಂತೀವಿ.

ಈ ಸಲ ಸಂಘದಿಂದಲೇ ಒಂದು ಗೋದಲಿ ನಡಿಗೆ ಇಟ್ಟುಕೊಳ್ಳೋಣ ಅಂತ ನಮ್ಮ ಪ್ರಸ್ತಾವ. 24ರ ನೂಕುನುಗ್ಗಲಲ್ಲೇ ಹೋಗಬೇಕು ಅಂತಿಲ್ಲ, ಸಾಮಾನ್ಯವಾಗಿ ಜನವರಿ 6ರ ಹೊತ್ತಿಗೆ ಬರುವ ಹಬ್ಬದವರೆಗೂ ಗೋದಲಿಗಳು ಇರುತ್ತವೆ. ಎಕ್ಸಾಮ್ ಟೈಮ್‌ಟೇಬಲ್ ನೋಡಿಕೊಂಡು ಒಂದು ಸಂಜೆ ಸಾಕು. ಹಡ್ಸನ್ ಸರ್ಕಲ್, ಮೇಯೋ ಹಾಲ್, ಶಿವಾಜಿನಗರ, ಆಮೇಲೆ ಗಲ್ಲಿಗಳು. ಬರುವವರು ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ಹೆಸರು ಬರೆಯಿರಿ. ನಮ್ಮ ಕ್ಲಾಸಿನ ಕ್ರೈಸ್ತ ಗೆಳೆಯರಿಗೆ ಇನ್ನೊಂದು ಮಾತು: ಷಷ್ಠಿಗೆ ನಾಗಲಮಡಿಕೆಗೆ ಬನ್ನಿ, ಉಳಿಯೋಕೆ ನಮ್ಮ ಮನೆಗಳಿವೆ. ಸ್ವೆಟರ್ ತನ್ನಿ, ಹೊಳೆ ದಡದಲ್ಲಿ ರಾತ್ರಿ ಚಳಿ ಜೋರು.